ಉತ್ತರ ಸಿಕ್ಕಿಂನ ಲಾಚುಂಗ್ ಟ್ರಿಪ್ಪಿನ ನಡುವೆ ಒಂದು ದಿನ ಜೊಂಗು ಕಣಿವೆಗೆ ಹೋಗಿ ಬರಬಹುದಾ?

ಒಂದೇ ದಿನದಲ್ಲಿ ಜೊಂಗುಗೆ ಹೋಗಿ ಅಲ್ಲಿನ ಮೂಲನಿವಾಸಿಗಳಾದ ಲೆಪ್ಚಾ ಜನರನ್ನು ನೋಡಿ ಬರಬಹುದಾ, ಲಾಚುಂಗ್ ಪರ್ಮಿಟ್ಟೇ ಸಾಕಾ ಅಂತ ಕೇಳಿದ್ದೀರಿ. ಸಕಲೇಶಪುರದಿಂದ ಹೊರಟಾಗ ನಮ್ಮ ಲೆಕ್ಕಾಚಾರವೂ ಇದೇ ಆಗಿತ್ತು.

ಪರ್ಮಿಟ್ ವಿಷಯ ಮೊದಲು ಹೇಳಿಬಿಡುತ್ತೇನೆ, ನಮ್ಮ ದುಡ್ಡು ಹೋಗಿದ್ದೇ ಅಲ್ಲಿ. ಸಿಕ್ಕಿಂಗೆ ಹೋಗಲು ಭಾರತೀಯರಿಗೆ ಪರ್ಮಿಟ್ ಬೇಡ. ಲಾಚೆನ್, ಲಾಚುಂಗ್ ಕಡೆ ಹೋಗಲು ಬೇಕು, ಅದು ಗಡಿ ಪ್ರದೇಶ. ಟ್ರಾವೆಲ್ಸ್‌ನವರೇ ಮಾಡಿಸಿಕೊಡುತ್ತಾರೆ. ಜೊಂಗು ಇರುವುದೂ ಆ ಕಡೆಗೇ, ಮಂಗನ್ ಪಟ್ಟಣದಿಂದ ತೀಸ್ತಾ ನದಿ ದಾಟಿದರೆ ಆಯಿತು. ಹಾಗಾಗಿ ಅದೇ ಕಾಗದ ನಡೆಯುತ್ತೆ ಅಂದುಕೊಂಡೆವು. ನಡೆಯಲ್ಲ. ಜೊಂಗುಗೆ ಪರ್ಮಿಟ್ ಇಟ್ಟಿರುವುದು ಗಡಿ ಅಂತಲ್ಲ, ಅದು ಲೆಪ್ಚಾ ಜನರಿಗೆ ಮೀಸಲಾದ ನೆಲ ಅಂತ. ಸಿಕ್ಕಿಂ ರಾಜರ ಕಾಲದಿಂದಲೂ ಹೊರಗಿನವರು ಅಲ್ಲಿ ಜಮೀನು ಕೊಳ್ಳುವ ಹಾಗಿಲ್ಲ. ಕಾರಣವೇ ಬೇರೆ, ಕಾಗದವೂ ಬೇರೆ. ಚೆಕ್‌ಪೋಸ್ಟಿನಲ್ಲಿ ಇದನ್ನು ಸಮಾಧಾನವಾಗಿ ವಿವರಿಸಿ ನಮ್ಮನ್ನು ವಾಪಸ್ ಕಳಿಸಿದರು. ಅವತ್ತು ಭಾನುವಾರ, ಕಚೇರಿಗೆ ಬೀಗ. ಮಂಗನ್‌ನಲ್ಲಿ ರೂಮಿಗೆ ದುಡ್ಡು ಕೊಟ್ಟೆವು, ಲಾಚುಂಗ್ ಬುಕಿಂಗ್ ದುಡ್ಡೂ ಹೋಯಿತು. ಗುರುತಿನ ಚೀಟಿ, ಫೋಟೋ ಎಲ್ಲ ಬ್ಯಾಗಲ್ಲೇ ಇದ್ದವು. ಅವನ್ನು ಮುಂಚೆಯೇ ಹೋಮ್‌ಸ್ಟೇಯವರಿಗೆ ವಾಟ್ಸಾಪ್ ಮಾಡಿದ್ದರೆ ಅವರೇ ಮಾಡಿಸಿಡುತ್ತಿದ್ದರು. ನೀವು ಹಾಗೆ ಮಾಡಿ.

ಲಾಚುಂಗ್ ತಪ್ಪಿತಲ್ಲ, ಪರ್ಮಿಟ್ ಸಿಕ್ಕ ಮೇಲೆ ಉಳಿದ ದಿನಗಳನ್ನೆಲ್ಲ ಜೊಂಗುವಿನ ಪಾಸಿಂಗ್‌ಡಾಂಗ್ ಊರಿನ ಒಂದು ಮನೆಯಲ್ಲೇ ಕಳೆದೆವು. ಏಲಕ್ಕಿ ಕೊಯ್ಲಿನ ಸಮಯ. ಅವರದು ದೊಡ್ಡ ಏಲಕ್ಕಿ, ಬಿರಿಯಾನಿಗೆ ಹಾಕುವ ಕಪ್ಪು ಏಲಕ್ಕಿ. ಗಿಡದಲ್ಲಿರುವಾಗ ಅದು ಕಪ್ಪಲ್ಲ, ಕಂದುಗೆಂಪು. ಬುಡದಲ್ಲಿ ಮಣ್ಣಿಗೆ ತಾಗಿಕೊಂಡೇ ಗೊಂಚಲು ಇರುತ್ತದೆ. ಒಣಗಿಸಲು ಭಟ್ಟಿಯ ಮೇಲೆ ಹರಡಿ ಕೆಳಗೆ ಸೌದೆ ಉರಿಸುತ್ತಾರೆ, ಆ ಹೊಗೆ ವಾಸನೆ ಹತ್ತುವುದು ಅಲ್ಲೇ. ನಮ್ಮೂರಲ್ಲೂ ಏಲಕ್ಕಿ ಬೆಳೀತೀವಿ ಅಂದದ್ದೇ ತಡ, ಹರಕುಮುರುಕು ಹಿಂದಿಯಲ್ಲೇ ಮಾತು ಶುರುವಾಯಿತು.

ಸಂಜೆ ಆ ಮನೆಯಮ್ಮ ಬಿದಿರಿನ ಲೋಟದಲ್ಲಿ ‘ಚಿ’ ಕೊಟ್ಟರು. ರಾಗಿ ಬೇಯಿಸಿ ಹುಳಿ ಬರಿಸಿದ ಪೇಯ. ಲೋಟದ ತುಂಬ ಕಾಳೇ ಇರುತ್ತದೆ. ಮೇಲೆ ಬಿಸಿನೀರು ಹೊಯ್ದು ಬಿದಿರ ಕೊಳವೆಯಲ್ಲಿ ಹೀರಬೇಕು. ಕಾಳು ಬಾಯಿಗೆ ಬಾರದಿರಲಿ ಅಂತ ಕೊಳವೆಯ ತುದಿ ಮುಚ್ಚಿ, ಪಕ್ಕದಲ್ಲಿ ಸಣ್ಣ ಸೀಳು ಬಿಟ್ಟಿರುತ್ತಾರೆ. ನಾವು ರಾಗೀಲಿ ಮುದ್ದೆ ಮಾಡ್ತೀವಿ ಅಂದೆ. ಮರುದಿನ ಹಿಟ್ಟು ತಂದಿಟ್ಟು, ತಿರುವಿ ತೋರಿಸಿ ಅಂದರು! ಬೆಳಿಗ್ಗೆ ಹೋಗಿ ಸಂಜೆ ಬಂದರೆ ಇದ್ಯಾವುದೂ ಆಗಲ್ಲ, ಅಲ್ವಾ?

ಅದಕ್ಕೇ ಹೇಳುತ್ತಿರುವುದು, ಜನರನ್ನು ನೋಡಿಕೊಂಡು ಬರುವ ಯೋಚನೆಯನ್ನೇ ಬಿಡಿ. ಅಲ್ಲಿನ ಮಂಟಮ್ ಸರೋವರದ ಹತ್ತಿರ ಸುಮ್ನೆ ಫೋಟೋ ಹೊಡೆದು ಬರುವುದೂ ಬೇಡ. ಅದು 2016ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನದಿಗೆ ಅಡ್ಡ ಬಿದ್ದಾಗ ಆದದ್ದು, ಮೇಲಿನ ಊರುಗಳ ದಾರಿಯೇ ಕಡಿದುಹೋಗಿತ್ತು. ಸತ್ತವರ ಜೀವ ನದಿಯ ದಾರಿ ಹಿಡಿದು ಕಾಂಚನಜುಂಗಾದ ಕಡೆ ವಾಪಸ್ ಹೋಗುತ್ತೆ ಅಂತ ಲೆಪ್ಚಾ ಜನರ ನಂಬಿಕೆ. ಅಂಥ ನದಿಗೆ ಅಣೆಕಟ್ಟು ಬೇಡ ಅಂತ 2007ರಲ್ಲಿ ಅಲ್ಲಿನ ಯುವಕರು ಗ್ಯಾಂಗ್ಟಾಕ್‌ನಲ್ಲಿ ಉಪವಾಸ ಕೂತರು. ಜೊಂಗುವಿನ ನಾಲ್ಕು ಜಲವಿದ್ಯುತ್ ಯೋಜನೆಗಳು ರದ್ದಾದವು. ಜೊಂಗುಗಿಂತ ಮೇಲಿರುವ ಚುಂಗ್‌ಥಾಂಗ್ ಊರಿನಲ್ಲಿ ಮಾತ್ರ 1200 ಮೆಗಾವಾಟ್ ಯೋಜನೆಗೆ ತೀಸ್ತಾ ನದಿಯನ್ನು ಕಟ್ಟಿದರು. 2023ರ ಅಕ್ಟೋಬರ್ 4ರಂದು ಇನ್ನೂ ಮೇಲಿರುವ ದಕ್ಷಿಣ ಲೊನಾಕ್ ಸರೋವರ ಒಡೆದು ಆ ಅಣೆಕಟ್ಟು ಕೊಚ್ಚಿಹೋಯಿತು. ಜೊಂಗುವಿನ ಸೇತುವೆಗೂ ಅದೇ ಗತಿ ಆಯಿತು.

ನಾವು ಹೋಗಿದ್ದು ಅದಕ್ಕೂ ಮುಂಚೆ. ಈಗ ಯಾವ ದಾರಿ ತೆರೆದಿದೆ ಅಂತ ಹೊರಡುವ ಹಿಂದಿನ ದಿನ ಹೋಮ್‌ಸ್ಟೇಯವರನ್ನೇ ಕೇಳಿ, ಮ್ಯಾಪ್ ನಂಬಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಗುಡ್ಡ ಕುಸಿತ ಜಾಸ್ತಿ, ಆಗ ಬೇಡ. ಈ ಸಲ ಲಾಚುಂಗ್ ಕೈಬಿಟ್ಟು, ಆ ದಿನಗಳನ್ನೂ ಜೊಂಗುಗೇ ಇಟ್ಟುಕೊಳ್ಳಿ.