ಡಿಜಿಟಲ್ ಬಂದ ಮೇಲೆ ಬ್ಯಾಂಕಿನಲ್ಲಿ ನಿಜಕ್ಕೂ ಬದಲಾದದ್ದು ಏನು?

ಡಿಜಿಟಲ್ ತಂತ್ರಜ್ಞಾನ ಮತ್ತು ಜ್ಞಾನ ಸೇರಿ ಆರ್ಥಿಕತೆಯನ್ನೂ ಬ್ಯಾಂಕಿಂಗನ್ನೂ ಹೇಗೆ ಬದಲಿಸುತ್ತಿವೆ, ಮುಂದೆ ಬ್ಯಾಂಕುಗಳೇ ಬೇಡವಾಗುತ್ತವಾ ಅಂತ ಕೇಳಿದ್ದೀರಿ. ನಾನು ಅರ್ಥಶಾಸ್ತ್ರಜ್ಞ ಅಲ್ಲ. ಬಹಳ ವರ್ಷ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಕೂತವನು. ನನ್ನ ಮೇಜಿನಿಂದ ಕಂಡಷ್ಟನ್ನು ಹೇಳುತ್ತೇನೆ.

ಈ ಮಾತು ಬಂದಾಗ ಜನ ಸಾಮಾನ್ಯವಾಗಿ ಎಟಿಎಂ, ಕಾರ್ಡು, ಆ್ಯಪ್ ಅಂತ ಶುರು ಮಾಡುತ್ತಾರೆ. ನನಗೆ ಅದು ಅಷ್ಟು ದೊಡ್ಡ ಬದಲಾವಣೆ ಅನಿಸುವುದಿಲ್ಲ. ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ 1967ರಲ್ಲಿ ಬಾರ್ಕ್ಲೇಸ್ ಬ್ಯಾಂಕ್ ಹಣ ಕೊಡುವ ಯಂತ್ರ ಕೂರಿಸಿತು. ಇನ್ನು ಕ್ಯಾಷಿಯರ್‌ಗಳು ಮನೆಗೆ ಹೋಗಬೇಕು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಅಮೆರಿಕದಲ್ಲಿ ಹಾಗಾಗಲಿಲ್ಲ. ಒಂದೊಂದು ಶಾಖೆಗೆ ಬೇಕಾದ ಕ್ಯಾಷಿಯರ್‌ಗಳು ಕಡಿಮೆಯಾದರು ನಿಜ. ಆದರೆ ಅದರಿಂದ ಶಾಖೆ ನಡೆಸುವ ಖರ್ಚು ಇಳಿಯಿತು, ಬ್ಯಾಂಕುಗಳು ಇನ್ನಷ್ಟು ಶಾಖೆ ತೆರೆದವು. ಒಟ್ಟು ಕ್ಯಾಷಿಯರ್‌ಗಳ ಸಂಖ್ಯೆ ದಶಕಗಟ್ಟಲೆ ಇಳಿಯಲೇ ಇಲ್ಲ.

ದೊಡ್ಡ ಬದಲಾವಣೆ ಆದದ್ದು ಒಳಗಡೆ. ಸಾಲ ಕೊಡುವುದು ಸುಲಭ, ಅದು ವಾಪಸ್ ಬರುವ ಹಾಗೆ ಕೊಡುವುದು ಕಷ್ಟ. ಯಾರು ಕಂತು ಕಟ್ಟುತ್ತಾರೆ, ಯಾರು ಸುಸ್ತಿ ಮಾಡುತ್ತಾರೆ ಅನ್ನುವ ತಿಳಿವಳಿಕೆಯೇ ಬ್ಯಾಂಕಿನ ನಿಜವಾದ ಬಂಡವಾಳ. ನಾನು ಕೆಲಸಕ್ಕೆ ಸೇರಿದಾಗ ಆ ತಿಳಿವಳಿಕೆ ಹಳೆಯ ಮ್ಯಾನೇಜರೊಬ್ಬರ ತಲೆಯಲ್ಲಿತ್ತು, ಸ್ವಲ್ಪ ಅವರ ಪೆನ್ಸಿಲ್ಲಿನಲ್ಲಿತ್ತು. ಲೆಡ್ಜರಿನ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿಡುತ್ತಿದ್ದರು: 'ತಡ ಮಾಡುತ್ತಾನೆ, ಮೋಸ ಮಾಡುವುದಿಲ್ಲ.' ಇನ್ನೊಂದು ಹೆಸರಿನ ಪಕ್ಕ: 'ಮಾತು ಜಾಸ್ತಿ.' ಅಷ್ಟೇ.

ಲೆಡ್ಜರುಗಳನ್ನು ಕಂಪ್ಯೂಟರಿಗೆ ಏರಿಸುವಾಗ ಹೆಸರು, ಬಾಕಿ, ತಾರೀಖು ಎಲ್ಲ ಹೋದವು. ಪೆನ್ಸಿಲ್ ಬರಹ ಹೋಗಲಿಲ್ಲ, ಅದನ್ನು ತುಂಬುವ ಜಾಗವೇ ತೆರೆಯಲ್ಲಿ ಇರಲಿಲ್ಲ. 'ತಡ ಮಾಡುತ್ತಾನೆ' ಅನ್ನುವ ಅರ್ಧ ಮಾತ್ರ ತಾರೀಖುಗಳ ರೂಪದಲ್ಲಿ ಉಳಿಯಿತು, 'ಮೋಸ ಮಾಡುವುದಿಲ್ಲ' ಅಳಿಸಿಹೋಯಿತು. ಅದೇ ಮನುಷ್ಯ ಮತ್ತೆ ಸಾಲಕ್ಕೆ ಬಂದಾಗ ಅರ್ಜಿ ತಿರಸ್ಕಾರವಾಯಿತು. 'ಇಷ್ಟು ವರ್ಷ ಕಟ್ಟಿದ್ದೀನಲ್ಲ ಸಾರ್' ಅಂದರು. ತೆರೆ ನೋಡಿಕೊಂಡು ಇಲ್ಲ ಅಂದವನು ನಾನೇ.

ಹಾಗಂತ ಹಳೆಯದೇ ಚೆನ್ನಾಗಿತ್ತು ಅನ್ನುವ ಜಾತಿಯವನಲ್ಲ ನಾನು. ಆ ಪೆನ್ಸಿಲ್ಲಿಗೆ ಮ್ಯಾನೇಜರಿಗೆ ಪರಿಚಯ ಇದ್ದವರು ಮಾತ್ರ ಕಾಣುತ್ತಿದ್ದರು. ಉಳಿದವರು ಬಾಗಿಲ ಹೊರಗೇ. ಕೆನ್ಯಾದಲ್ಲಿ 2007ರಲ್ಲಿ ಸಫಾರಿಕಾಮ್ ಅನ್ನುವ ಫೋನ್ ಕಂಪನಿ ಎಂ-ಪೆಸಾ ಶುರು ಮಾಡಿತು. ಸಾದಾ ಫೋನಿನಿಂದ ಮೆಸೇಜಿನಂತೆ ದುಡ್ಡು ಕಳಿಸುವ ವ್ಯವಸ್ಥೆ ಅದು. 2012ರಲ್ಲಿ ಒಂದು ಬ್ಯಾಂಕಿನ ಜೊತೆ ಸೇರಿ ಎಂ-ಶ್ವಾರಿ ಬಂತು. ಫೋನನ್ನೂ ಎಂ-ಪೆಸಾವನ್ನೂ ಹೇಗೆ ಬಳಸಿದ್ದೀರಿ ಅನ್ನುವುದನ್ನು ನೋಡಿ ಸಣ್ಣ ಸಾಲ ಕೊಡುತ್ತದೆ. ಅಡಮಾನ ಇಲ್ಲ, ಶಾಖೆಗೆ ಹೋಗಬೇಕಾಗಿಲ್ಲ. ಇಲ್ಲಿ ಗಮನಿಸಿ: ಗಿರಾಕಿಯ ಬಗೆಗಿನ ತಿಳಿವಳಿಕೆ ಈಗ ಬ್ಯಾಂಕಿನ ಹತ್ತಿರ ಇಲ್ಲ, ಫೋನ್ ಕಂಪನಿಯ ಹತ್ತಿರ ಇದೆ. ತಿಳಿವಳಿಕೆ ಯಾರ ಕೈಯಲ್ಲಿದೆಯೋ ಸಾಲದ ವ್ಯಾಪಾರ ಅವರ ಕಡೆಗೇ ವಾಲುತ್ತದೆ. ಬ್ಯಾಂಕುಗಳು ಹೆದರಬೇಕಾದದ್ದು ಇದಕ್ಕೆ, ಆ್ಯಪ್‌ಗಳಿಗಲ್ಲ.

ಇನ್ನು ಆರ್ಥಿಕತೆ. ಒಮ್ಮೆ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಯ ಅರ್ಜಿ ನನ್ನ ಮುಂದೆ ಬಂತು. ಆದಾಯ ಚೆನ್ನಾಗಿತ್ತು. ಒತ್ತೆ ಇಡಲು ಏನಿದೆ ಅಂತ ನೋಡಿದರೆ ಕುರ್ಚಿ, ಮೇಜು, ಹಳೆಯ ಕಂಪ್ಯೂಟರು. ಅವರ ಆಸ್ತಿ ಎಲ್ಲ ಬರೆದ ಕೋಡ್‌ನಲ್ಲಿ, ಅದನ್ನು ಬರೆದವರ ತಲೆಯಲ್ಲಿ. ಸಂಜೆಯಾದರೆ ಆ ತಲೆಗಳು ಮನೆಗೆ ಹೋಗುತ್ತವೆ! ಗೋದಾಮು ಜಪ್ತಿ ಮಾಡಬಹುದು, ಇದನ್ನು ಹೇಗೆ ಮಾಡುವುದು? 2018ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಪಾಲ್ ರೋಮರ್ ವಿವರಿಸಿದ್ದು ಜ್ಞಾನದ ಇದೇ ವಿಚಿತ್ರ ಗುಣವನ್ನು. ಒಂದು ಯಂತ್ರವನ್ನು ನಾನು ಬಳಸುತ್ತಿದ್ದರೆ ನೀವು ಕಾಯಬೇಕು. ಒಂದು ಸೂತ್ರವನ್ನು ಲಕ್ಷ ಜನ ಒಟ್ಟಿಗೆ ಬಳಸಿದರೂ ಅದು ಸವೆಯುವುದಿಲ್ಲ. ಬೆಳವಣಿಗೆಗೆ ಇದು ವರ. ಒತ್ತೆ ಕೇಳಿ ಅಭ್ಯಾಸವಾದ ಬ್ಯಾಂಕಿಗೆ ತಲೆನೋವು. ಹಾಗಾಗಿ ಇಂಥ ಕಂಪನಿಗಳು ಸಾಲಕ್ಕಿಂತ ಜಾಸ್ತಿ ಪಾಲು ಮಾರಿ ಹಣ ಎತ್ತುತ್ತವೆ.

ಹಾಗೆ ಎತ್ತಿದ ಹಣವನ್ನು ಇಡುವುದಕ್ಕೆ ಮತ್ತೆ ಬ್ಯಾಂಕೇ ಬೇಕು. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಗಿರಾಕಿಗಳು ಹೆಚ್ಚಾಗಿ ಇಂಥವರೇ. ಬಡ್ಡಿದರ ಏರಿ ಆ ಬ್ಯಾಂಕ್ ಕೊಂಡಿದ್ದ ಬಾಂಡುಗಳ, ಅಂದರೆ ಹಳೆಯ ಕಡಿಮೆ ಬಡ್ಡಿಯ ಸಾಲಪತ್ರಗಳ, ಬೆಲೆ ಕುಸಿದಿತ್ತು. ನಷ್ಟದ ಸುದ್ದಿ ಒಬ್ಬರಿಂದೊಬ್ಬರಿಗೆ ಫೋನಿನಲ್ಲೇ ಹಬ್ಬಿತು. ಹಣ ತೆಗೆದದ್ದೂ ಹೆಚ್ಚಾಗಿ ಆನ್‌ಲೈನಿನಲ್ಲೇ. 2023ರ ಮಾರ್ಚ್ 9ರಂದು ಒಂದೇ ದಿನದಲ್ಲಿ 4,200 ಕೋಟಿ ಡಾಲರ್ ತೆಗೆಯಲು ಮುಂದಾದರು. ಮರುದಿನ ಬ್ಯಾಂಕ್ ಮುಚ್ಚಿತು. 2007ರಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಜನ ಬೀದಿಯಲ್ಲಿ ಸಾಲು ನಿಂತಿದ್ದರು. ಸಾಲು ನಿಧಾನವಾಗಿ ಸರಿಯುತ್ತದೆ, ಸಂಜೆ ಬಾಗಿಲು ಹಾಕಿದರೆ ಒಂದು ರಾತ್ರಿ ಉಸಿರಾಡಲು ಸಿಗುತ್ತದೆ. ಆ ಬಿಡುವು ಈಗ ಇಲ್ಲ.

ಬ್ಯಾಂಕುಗಳು ಬೇಡವಾಗುತ್ತವಾ ಅಂದರೆ, ನನ್ನ ಲೆಕ್ಕದಲ್ಲಿ ಇಲ್ಲ. ಠೇವಣಿ ಕಾಯಲು, ಮುಳುಗಿದಾಗ ಹೊಣೆ ಹೊರಲು ಯಾರಾದರೂ ಇರಲೇಬೇಕು. ಆದರೆ ಸಾಲ ಯಾರಿಗೆ ಕೊಡಬೇಕು ಅಂತ ಹೇಳುವವರು ಬೇರೆಯವರಾಗಬಹುದು.

ಆ ಲೆಡ್ಜರಿನ ವಿಷಯ: ಕೊನೆಗೆ ನಮ್ಮ ತೆರೆಯಲ್ಲೂ 'ಷರಾ' ಅಂತ ಒಂದು ಕಾಲಂ ಕೊಟ್ಟರು. ತುಂಬದೆ ಮುಂದೆ ಹೋಗುವ ಹಾಗಿರಲಿಲ್ಲ. ನಮ್ಮಲ್ಲಿ ಎಲ್ಲರೂ ಅಲ್ಲಿ ಒಂದು ಚುಕ್ಕಿ ಇಟ್ಟು ಎಂಟರ್ ಒತ್ತುತ್ತಿದ್ದೆವು.