‘ಎಲ್ಲರಿಗೂ ಸಮಾನ ಅವಕಾಶ’ ಅಂತ ಬರೆದುಕೊಂಡ ಕಂಪನಿಯನ್ನು ನಂಬಬಹುದೇ?

ಪ್ರಶ್ನೆ: ನಾನು ಲಿಂಗಸುಗೂರಿನವನು, ಪರಿಶಿಷ್ಟ ಜಾತಿ. ಅಪ್ಪ-ಅಮ್ಮ ಕೂಲಿ ಮಾಡಿ ಓದಿಸಿದರು. ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನೇ. ಬಿ.ಕಾಂ.ನಲ್ಲಿ ಫಸ್ಟ್ ಕ್ಲಾಸ್ ಬಂದಿದೆ. ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕಿ ಹಾಕಿ ಸಾಕಾಗಿದೆ. ಎಲ್ಲರ ವೆಬ್‌ಸೈಟಿನಲ್ಲೂ ‘ನಮ್ಮಲ್ಲಿ ಸಮಾನ ಅವಕಾಶ’ ಅಂತ ಇರುತ್ತದೆ. ಸಂದರ್ಶನಕ್ಕೆ ಕರೆದ ಕಡೆ ಮಾತ್ರ ಮೊದಲು ಕೇಳುವುದೇ ‘ಅಪ್ಪ ಏನ್ ಮಾಡ್ತಾರೆ?’ ಅಂತ. ನಿಜವಾಗಿ ನಮ್ಮಂಥವರನ್ನು ತೆಗೆದುಕೊಳ್ಳುವ ಕಂಪನಿ ಯಾವುದು ಅಂತ ತಿಳಿಯುವುದು ಹೇಗೆ?

ಉತ್ತರ: ಆ ಸಾಲನ್ನು ಪಕ್ಕಕ್ಕಿಡಿ. ಜಾಹೀರಾತಿನ ಬುಡದಲ್ಲಿ ಅದನ್ನು ಅಂಟಿಸಲು ಯಾರಿಗೂ ಒಂದು ಪೈಸೆ ಖರ್ಚಿಲ್ಲ. ಹಾಗಂತ ನಿಮ್ಮ ಸಂಶಯವನ್ನು ‘ಕೀಳರಿಮೆ’ ಅಂತ ತಳ್ಳಿಹಾಕುವವರ ಮಾತನ್ನೂ ಕೇಳಬೇಡಿ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಅವರ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಖಾಸಗಿ ಕಂಪನಿಗಳ ಪತ್ರಿಕಾ ಜಾಹೀರಾತುಗಳಿಗೆ ಅವರು ಒಂದೇ ಅರ್ಹತೆಯ, ಹೆಸರು ಮಾತ್ರ ಬೇರೆಯಾದ ಅರ್ಜಿಗಳನ್ನು ಕಳಿಸಿದ್ದರು. ಒಟ್ಟು 4,808 ಅರ್ಜಿ. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಎರಡರಷ್ಟಿತ್ತು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನಕ್ಕಾಗಿ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ಎಚ್‌ಆರ್ ಮ್ಯಾನೇಜರ್‌ಗಳನ್ನೇ ಕೂರಿಸಿ ಮಾತಾಡಿಸಿದರು. ಜಾತಿ ನೋಡುತ್ತೇವೆ ಅಂತ ಯಾರೂ ಒಪ್ಪಲಿಲ್ಲ. ಆದರೆ ‘ಕುಟುಂಬದ ಹಿನ್ನೆಲೆ’ ಕೇಳುತ್ತೇವೆ ಅಂತ ಬಹುತೇಕರು ಸಂಕೋಚವಿಲ್ಲದೆ ಹೇಳಿದರು. ನಿಮಗೆ ಎದುರಾಗಿದ್ದು ಅದೇ ಪ್ರಶ್ನೆ.

ಹಾಗಾದರೆ ಏನು ನೋಡಬೇಕು? ಕಂಪನಿ ಸರ್ಕಾರಿ ವ್ಯವಸ್ಥೆಗೆ ಬರೆದು ಕೊಟ್ಟಿದ್ದನ್ನು ನೋಡಿ. ಷೇರುಪೇಟೆಯ ದೊಡ್ಡ 1,000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ (ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆ) ಎಂಬ ವರದಿ ಕೊಡುವುದನ್ನು ಷೇರುಪೇಟೆಯ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಕಂಪನಿಯ ವಾರ್ಷಿಕ ವರದಿಯಲ್ಲೇ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ನೂರಾರು ಪುಟ ಇದೆಯಲ್ಲ ಅಂತ ಗಾಬರಿಯಾಗಬೇಡಿ, ನಿಮಗೆ ಬೇಕಾದ್ದು ನಾಲ್ಕೈದು ಕೋಷ್ಟಕ ಅಷ್ಟೆ. ಕಾಯಂ ನೌಕರರೆಷ್ಟು, ಗುತ್ತಿಗೆಯವರೆಷ್ಟು. ಅದರಲ್ಲಿ ಮಹಿಳೆಯರು ಮತ್ತು ಅಂಗವಿಕಲರು ಎಷ್ಟು. ಮೂರು ವರ್ಷಗಳಲ್ಲಿ ಕೆಲಸ ಬಿಟ್ಟು ಹೋದವರ ಪ್ರಮಾಣ, ಗಂಡಸರದು ಬೇರೆ ಹೆಂಗಸರದು ಬೇರೆ. ಹೆರಿಗೆ ರಜೆ ಮುಗಿಸಿ ಬಂದವರಲ್ಲಿ ಉಳಿದುಕೊಂಡವರೆಷ್ಟು. ತಾರತಮ್ಯದ ದೂರು ಎಷ್ಟು ಬಂದವು, ಎಷ್ಟು ಇತ್ಯರ್ಥವಾದವು. ಇದರಲ್ಲಿ ನಾನು ಮೊದಲು ನೋಡುವುದು ಬಿಟ್ಟು ಹೋದವರ ಪ್ರಮಾಣ. ಸೇರಿಸಿಕೊಳ್ಳುವಾಗ ಫೋಟೊ ತೆಗೆಸಬಹುದು, ಉಳಿಸಿಕೊಳ್ಳುವುದಕ್ಕೆ ಫೋಟೊ ಸಾಲದು. ಇನ್ನೊಂದು ಮಾತು: ಹತ್ತಾರು ಸಾವಿರ ಜನ ದುಡಿಯುವ ಕಡೆ ದೂರಿನ ಕಾಲಂನಲ್ಲಿ ವರ್ಷ ವರ್ಷವೂ ಸೊನ್ನೆ ಇದ್ದರೆ ನನಗೆ ಖುಷಿಯಾಗುವುದಿಲ್ಲ. ಒಂದಷ್ಟು ದೂರು ಬಂದು ಬಗೆಹರಿದಿದ್ದರೆ, ಅಲ್ಲಿ ಬಾಯಿ ಬಿಡಬಹುದು ಅಂತಾದರೂ ಗೊತ್ತಾಗುತ್ತದೆ.

ನಿಮ್ಮ ವಿಷಯದಲ್ಲಿ ಈ ವರದಿಗೊಂದು ದೊಡ್ಡ ಕೊರತೆಯಿದೆ. ನೌಕರರ ಜಾತಿಯ ಕಾಲಂ ಅದರಲ್ಲಿಲ್ಲ. ಪರಿಶಿಷ್ಟರನ್ನು ಎಷ್ಟು ತೆಗೆದುಕೊಂಡಿರಿ ಅಂತ ಖಾಸಗಿ ಕಂಪನಿಯನ್ನು ಈ ನಮೂನೆ ಕೇಳುವುದೇ ಇಲ್ಲ. ಟಾಟಾ ಸಮೂಹದಂತೆ ಪರಿಶಿಷ್ಟರ ನೇಮಕ, ತರಬೇತಿಗೆ ತಾವಾಗಿಯೇ ‘ಅಫರ್ಮೇಟಿವ್ ಆಕ್ಷನ್’ ನೀತಿ ಮಾಡಿಕೊಂಡವರಿದ್ದಾರೆ. ಕೈಗಾರಿಕಾ ಒಕ್ಕೂಟ ಸಿಐಐ ಕೂಡ ಇದಕ್ಕೊಂದು ಸ್ವಯಂ ಸಂಹಿತೆ ರೂಪಿಸಿದೆ. ಆ ಪದವನ್ನೇ ಹಾಕಿ ಕಂಪನಿಯ ವರದಿಯಲ್ಲಿ ಹುಡುಕಿ. ಏನೂ ಸಿಗದಿದ್ದರೆ ಅದೂ ಒಂದು ಉತ್ತರವೇ.

ನಿಮ್ಮ ಜಾಗದಲ್ಲಿದ್ದರೆ ನಾನು ಹೊಸಬರ ನೇರ ನೇಮಕಾತಿಯ ಬಾಗಿಲಲ್ಲೇ ನಿಂತು ಕಾಯುತ್ತಿರಲಿಲ್ಲ, ಅಪ್ರೆಂಟಿಸ್ ಆಗಿ ಒಳಗೆ ಹೋಗುತ್ತಿದ್ದೆ. ಅಪ್ರೆಂಟಿಸ್ ಅಂದರೆ ಐಟಿಐ ಹುಡುಗರಿಗೆ ಮಾತ್ರ ಅಂತ ನಮ್ಮಲ್ಲಿ ಇನ್ನೂ ಅಂದುಕೊಂಡಿದ್ದಾರೆ. ಅಪ್ರೆಂಟಿಸ್ ಕಾಯ್ದೆಯ 2014ರ ತಿದ್ದುಪಡಿಯಿಂದ ಬಿ.ಎ., ಬಿ.ಕಾಂ. ಓದಿದವರಿಗೂ ಅವಕಾಶವಿದೆ. ಪರಿಶಿಷ್ಟ ಜಾತಿ-ಪಂಗಡದವರಿಗೆ ಸ್ಥಾನ ಮೀಸಲಿಡಬೇಕು ಅಂತ ಆ ಕಾಯ್ದೆಯಲ್ಲೇ ಇದೆ. ಕೇಂದ್ರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಂದಣಿ ಉಚಿತ. ಕೆನರಾ ಬ್ಯಾಂಕಿನಂಥ ಸರ್ಕಾರಿ ಬ್ಯಾಂಕುಗಳು ಪದವೀಧರ ಅಪ್ರೆಂಟಿಸ್‌ಗಳನ್ನು ಕರೆಯುವಾಗ ಆಯಾ ರಾಜ್ಯದ ಭಾಷೆ ಬರಲೇಬೇಕು ಅನ್ನುತ್ತವೆ. ಕನ್ನಡದಲ್ಲಿ ಓದಿದ್ದು ಹೊರೆ ಅಂತ ಇಷ್ಟು ದಿನ ಅನಿಸಿದ್ದರೆ, ಇಲ್ಲಿ ಅದೇ ನಿಮ್ಮ ಕೈ ಹಿಡಿಯುತ್ತದೆ. ಒಂದು ವರ್ಷ ಮುಗಿದ ಮೇಲೆ ಕಾಯಂ ಮಾಡಿಕೊಳ್ಳುವ ಖಾತರಿ ಮಾತ್ರ ಇಲ್ಲ, ಅದನ್ನು ತಿಳಿದೇ ಸೇರಿ. ಹಾಗಿದ್ದರೂ ನಿಮ್ಮ ರೆಸ್ಯೂಮೆಗೆ ಒಂದು ಬ್ಯಾಂಕಿನ ಹೆಸರು ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಮುಂದೆ ಎಲ್ಲಿ ಹುದ್ದೆ ಖಾಲಿಯಾದರೂ ‘ಈ ಹುಡುಗ ನನಗೆ ಗೊತ್ತು’ ಅನ್ನುವ ನಾಲ್ಕು ಜನ ಸಿಗುತ್ತಾರೆ. ಖಾಸಗಿ ಕಂಪನಿಗಳಲ್ಲಿ ಎಷ್ಟೋ ಕೆಲಸ ಜಾಹೀರಾತಿಗೆ ಬರುವ ಮೊದಲೇ ರೆಫರಲ್‌ನಲ್ಲಿ ಮುಗಿದುಹೋಗಿರುತ್ತದೆ. ಮೊದಲ ತಲೆಮಾರಿನ ಪದವೀಧರನಿಗೆ ಅಂಕಕ್ಕಿಂತ ಹೆಚ್ಚಾಗಿ ಕೊರತೆಯಾಗುವುದು ಆ ನಾಲ್ಕು ಜನರದೇ.

ಬೆಂಗಳೂರಿನಲ್ಲಿ ಪರಿಶಿಷ್ಟ ಜಾತಿ-ಪಂಗಡದವರಿಗಾಗಿಯೇ ಕೇಂದ್ರ ಕಾರ್ಮಿಕ ಸಚಿವಾಲಯದ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರವಿದೆ. ಕಂಪ್ಯೂಟರ್ ತರಬೇತಿ, ಪರೀಕ್ಷಾ ತಯಾರಿ, ಸಲಹೆ ಎಲ್ಲ ಅಲ್ಲಿ ಸಿಗುತ್ತದೆ. ರಾಜ್ಯ ಸರ್ಕಾರದ ಹುದ್ದೆಗಳಿಗೆ ಹಾಕುವುದಾದರೆ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಮಾಡಿಸಿದ್ದೀರಾ? ರಾಯಚೂರು ಜಿಲ್ಲೆಯವರು ನೀವು, ಸಹಾಯಕ ಆಯುಕ್ತರ ಕಚೇರಿ ನಿಮ್ಮ ಊರಲ್ಲೇ ಇದೆ. ಅಧಿಸೂಚನೆ ಬಂದ ಮೇಲೆ ಓಡಾಡುವ ಬದಲು ಈಗಲೇ ಮಾಡಿಸಿಕೊಳ್ಳಿ.

ಇನ್ನು ‘ಅಪ್ಪ ಏನ್ ಮಾಡ್ತಾರೆ?’ ಸುಳ್ಳು ಹೇಳಬೇಡಿ, ಕಥೆಯನ್ನೂ ಹೇಳಬೇಡಿ. ‘ಕೂಲಿ ಕೆಲಸ ಮಾಡ್ತಾರೆ ಸರ್. ನಾನು ಡಿಗ್ರಿ ಓದ್ತಾ ಅಂಗಡಿಯೊಂದರ ಲೆಕ್ಕ ಬರೀತಿದ್ದೆ, ಟ್ಯಾಲಿ ಕಲಿತಿದ್ದೇ ಅಲ್ಲಿ’ ಅಂತ ಎರಡು ವಾಕ್ಯ ಸಾಕು. ಮೊದಲನೆಯದು ಅವರ ಪ್ರಶ್ನೆಗೆ, ಎರಡನೆಯದು ಮಾತನ್ನು ಕೆಲಸದ ಕಡೆ ಎಳೆಯುವುದಕ್ಕೆ. ಅಂಗಡಿಯ ಜಾಗದಲ್ಲಿ ನೀವು ನಿಜಕ್ಕೂ ಮಾಡಿದ್ದನ್ನು ಹಾಕಿ. ಆಮೇಲೂ ‘ಯಾವ ಪೈಕಿ?’ ಅಂತ ಕೆದಕಿದರೆ, ‘ಈ ಕೆಲಸಕ್ಕೆ ಅದು ಬೇಕಾ ಸರ್?’ ಅಂತ ನಗುನಗುತ್ತಲೇ ಕೇಳಿ. ಕೆಲಸ ಕೈತಪ್ಪಬಹುದು, ಇಲ್ಲ ಅನ್ನುವುದಿಲ್ಲ. ಸಂದರ್ಶನದಲ್ಲೇ ಪೈಕಿ ಕೇಳುವವನ ಕೈಕೆಳಗೆ ಬಡ್ತಿ, ರಜೆ ಎಲ್ಲ ಹೇಗಿರುತ್ತದೆ ಅಂತ ನೀವೇ ಯೋಚಿಸಿ.

ಪ್ರಶ್ನೆ: ಅಪಘಾತವಾದ ಮೇಲೆ ನನ್ನ ಬಲಗೈ ಬೆರಳು ಪೂರ್ತಿ ಮಡಚುವುದಿಲ್ಲ. ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಶೇ 35 ಅಂತ ಬರೆದಿದ್ದಾರೆ. 40 ಆಗದಿದ್ದರೆ ಯಾವ ಸೌಲಭ್ಯವೂ ಇಲ್ಲ ಅನ್ನುತ್ತಾರೆ. ಎಂ.ಎಸ್ಸಿ. ಆಗಿದೆ. ಆನ್‌ಲೈನ್ ಟೆಸ್ಟ್‌ಗಳಲ್ಲಿ ಉತ್ತರ ಗೊತ್ತಿದ್ದರೂ ಟೈಪ್ ಮಾಡುವಷ್ಟರಲ್ಲಿ ಸಮಯ ಮುಗಿಯುತ್ತದೆ. ರೆಸ್ಯೂಮೆಯಲ್ಲಿ ಇದನ್ನು ಬರೆಯಬೇಕಾ? — ಧಾರವಾಡದ ಓದುಗರು

ಉತ್ತರ: ‘ಯಾವ ಸೌಲಭ್ಯವೂ ಇಲ್ಲ’ ಎಂಬುದು ತಪ್ಪು. ಸರ್ಕಾರಿ ಹುದ್ದೆಯ ಶೇ 4ರ ಮೀಸಲಾತಿಗೆ ಶೇ 40 ಬೇಕು, ಅದು ನಿಜ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮೀಸಲಾತಿ ಬೇರೆ, ಪರಿಸ್ಥಿತಿಗೆ ತಕ್ಕ ಅನುಕೂಲ ಮಾಡಿಕೊಡುವುದು ಬೇರೆ. 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಕೈ ಸೆಳೆತದಿಂದ ಬರೆಯಲಾಗದ ಆ ಯುಪಿಎಸ್‌ಸಿ ಅಭ್ಯರ್ಥಿಗೆ ಶೇ 40 ಇಲ್ಲ ಎಂಬ ಕಾರಣಕ್ಕೆ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಅಂತ ತೀರ್ಪು ಕೊಟ್ಟಿತು.

ರೆಸ್ಯೂಮೆಯಲ್ಲಿ ಬರೆಯಬೇಕಿಲ್ಲ. ಟೆಸ್ಟ್‌ಗೆ ಆಯ್ಕೆಯಾದ ಇಮೇಲ್ ಬಂದ ತಕ್ಷಣ, ಅದೇ ಇಮೇಲ್‌ಗೆ ಉತ್ತರವಾಗಿ ಕೇಳಿ. ಕೈ ಹೀಗಾಯಿತು, ಕಷ್ಟವಾಗುತ್ತಿದೆ ಅಂತ ಬರೆದರೆ ‘ಪರವಾಗಿಲ್ಲ, ಪ್ರಯತ್ನಿಸಿ’ ಅಂತ ಸಹಾನುಭೂತಿಯ ಉತ್ತರ ಬರುತ್ತದೆ ಅಷ್ಟೆ. ಬೇಕಾದ್ದನ್ನು ನಿಖರವಾಗಿ ಬರೆಯಿರಿ: ‘ನನ್ನ ಬಲಗೈಯಲ್ಲಿ ಟೈಪಿಂಗ್ ನಿಧಾನ. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಬೇಕು. ವಾಯ್ಸ್ ಟೈಪಿಂಗ್ ಬಳಸುತ್ತೇನೆ, ನಿಮ್ಮ ಟೆಸ್ಟ್ ಅದನ್ನು ತಡೆಯುತ್ತದೆಯೇ ಅಂತ ಮೊದಲೇ ತಿಳಿಸಿ. ಪ್ರಮಾಣಪತ್ರ ಲಗತ್ತಿಸಿದ್ದೇನೆ.’ ವಾಯ್ಸ್ ಟೈಪಿಂಗ್‌ನ ಪ್ರಶ್ನೆ ಮುಖ್ಯ. ಈಗಿನ ಟೆಸ್ಟ್‌ಗಳು ಕ್ಯಾಮೆರಾ, ಮೈಕ್ ಎರಡರಲ್ಲೂ ಕಾವಲು ಕಾಯುತ್ತವೆ. ನೀವು ಉತ್ತರವನ್ನು ಬಾಯಲ್ಲಿ ಹೇಳುತ್ತಿದ್ದರೆ ಪಕ್ಕದಲ್ಲಿ ಯಾರಿಗೋ ಮಾತಾಡುತ್ತಿದ್ದೀರಿ ಅಂತ ಯಂತ್ರ ಕೆಂಪು ಗುರುತು ಹಾಕಿಬಿಡಬಹುದು.

ಈ ಇಮೇಲ್‌ಗೆ ಬರುವ ಉತ್ತರವೇ ಕಂಪನಿಯ ಪರೀಕ್ಷೆಯೂ ಹೌದು. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ಸಮಾನ ಅವಕಾಶ ನೀತಿಯಲ್ಲಿ ಏನೇನಿರಬೇಕು ಅಂತ ಅದೇ ಅಂಗವಿಕಲರ ಕಾಯ್ದೆಯ 2017ರ ನಿಯಮಗಳು ಪಟ್ಟಿಯನ್ನೇ ಕೊಟ್ಟಿವೆ. ಒಬ್ಬ ಸಂಪರ್ಕಾಧಿಕಾರಿಯ ನೇಮಕವೂ ಅದರಲ್ಲಿದೆ. ಅವರ ಹೆಸರು ಕೇಳಿ. ‘ಹಾಗಂದ್ರೇನು?’ ಅಂತ ಎಚ್‌ಆರ್‌ನವರೇ ತಿರುಗಿ ಕೇಳಿದರೆ ನೀತಿ ಕಾಗದದಲ್ಲೂ ಇಲ್ಲ ಅಂತ ಲೆಕ್ಕ. ದೂರು ಕೊಡುವುದಾದರೆ ರಾಜ್ಯ ಅಂಗವಿಕಲರ ಆಯುಕ್ತರಿದ್ದಾರೆ. ಅದಕ್ಕೂ ಮೊದಲು ಅಂಗವಿಕಲರಿಗಾಗಿ ಕೆಲಸ ಮಾಡುವ ಬೆಂಗಳೂರಿನ ಸಂಸ್ಥೆಗಳಾದ ಎನೇಬಲ್ ಇಂಡಿಯಾ, ಸಮರ್ಥನಂ, ಎಪಿಡಿ ಇವುಗಳಲ್ಲಿ ಒಂದನ್ನು ಸಂಪರ್ಕಿಸಿ. ಯಾವ ಕಂಪನಿ ಮಾತಿಗೆ ತಕ್ಕಂತೆ ನಡೆಯುತ್ತದೆ ಎಂಬುದು ಜಾಹೀರಾತು ಓದುವವರಿಗಿಂತ ಅಲ್ಲಿಗೆ ಜನರನ್ನು ಸೇರಿಸಿದವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ಮಗಳು ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷ. ಕ್ಯಾಂಪಸ್‌ಗೆ ದೊಡ್ಡ ಕಂಪನಿ ಬರುವುದಿಲ್ಲವಂತೆ. ಪರಿಚಯದವರೊಬ್ಬರು ಈಗಲೇ ಮುಂಗಡ ಕೊಟ್ಟರೆ ಓದು ಮುಗಿಯುತ್ತಲೇ ಐಟಿ ಕೆಲಸ ಗ್ಯಾರಂಟಿ ಅನ್ನುತ್ತಿದ್ದಾರೆ. — ಮಂಡ್ಯದ ತಾಯಿ

ಉತ್ತರ: ಕೊಡಬೇಡಿ. ಕೆಲಸ ಕೊಡಲು ಹಣ ಕೇಳಿದವರ ಜೊತೆ ಅಲ್ಲಿಗೇ ಮಾತು ಮುಗಿಸಿ, ಎಷ್ಟೇ ಹತ್ತಿರದವರಾಗಲಿ.

ಮೊದಲ ವರ್ಷದಲ್ಲೇ ಕೇಳಿದ್ದು ಒಳ್ಳೆಯದಾಯಿತು, ಬಹಳ ಜನ ಕೊನೆಯ ಸೆಮಿಸ್ಟರ್‌ನಲ್ಲಿ ಕೇಳುತ್ತಾರೆ. ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಹೆಣ್ಣುಮಕ್ಕಳಿಗೆ ಕೊಡುವ ‘ಪ್ರಗತಿ’ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ ಪಡೆಯಬಹುದು. ಕಡಿಮೆ ಆದಾಯದ ಮನೆಯ ಎಂಜಿನಿಯರಿಂಗ್ ಹುಡುಗಿಯರಿಗೆ ಓದು ಮುಗಿಯುವವರೆಗೂ ಇಂಗ್ಲಿಷ್, ಸಂದರ್ಶನ, ಮಾರ್ಗದರ್ಶನ ಕೊಡುವ ಕ್ಯಾಟಲಿಸ್ಟ್ ಸಂಸ್ಥೆ ಬೆಂಗಳೂರಿನಲ್ಲೂ ಇದೆ. ಅಲ್ಲಿ ಸೇರಿಸಿಕೊಳ್ಳುವುದು ಓದಿನ ಆರಂಭದಲ್ಲೇ, ಹಾಗಾಗಿ ತಡಮಾಡದೆ ವಿಚಾರಿಸಿ. ಅವಳಿಗೆ ಕಂಪನಿಯೊಳಗೆ ಒಬ್ಬ ಹಿರಿಯಕ್ಕ ಸಿಗುವುದು ಇಂಥ ಕಡೆಯೇ.

ಮುಂದೆ ಇಂಟರ್ನ್‌ಶಿಪ್‌ಗೆ ಅಂತ ಯಾವುದಾದರೂ ಕಚೇರಿಗೆ ಹೋದಾಗ ಗೋಡೆಯನ್ನೊಮ್ಮೆ ನೋಡಲು ಹೇಳಿ. ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು, ಅದನ್ನು ರಚಿಸಿದ ಆದೇಶ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಪಟ್ಟಿಯಲ್ಲಿರುವ ಅಧ್ಯಕ್ಷೆ ಕೆಲಸ ಬಿಟ್ಟು ಹೋಗಿ ಬಹಳ ದಿನವಾಗಿದ್ದರೂ ಅದೇ ಹಳೇ ಕಾಗದ ನೇತಾಡುತ್ತಿರುವುದುಂಟು. ‘ಈ ಮೇಡಂ ಈಗ ಇದ್ದಾರಾ?’ ಅಂತ ರಿಸೆಪ್ಶನ್‌ನಲ್ಲಿ ಕೇಳುವುದರಲ್ಲಿ ತಪ್ಪೇನಿಲ್ಲ.