ಸೊಂಟದ ಡಿಸ್ಕ್ ಆಪರೇಷನ್ ಮಾಡಿಸಿದರೆ ಕಾಲು ಬಿದ್ದುಹೋಗುತ್ತಾ?

ಮಂಡ್ಯದಲ್ಲಿ ಕಬ್ಬಿನ ಹೊರೆ ಹೊತ್ತು ಸೊಂಟ ಹಿಡಿದವರ ಮನೆಯಲ್ಲೆಲ್ಲ ಈ ಭಯ ಇದ್ದದ್ದೇ. ನಿಮ್ಮ ತಂದೆಯವರಿಗೆ ಎಲ್4-ಎಲ್5 ಡಿಸ್ಕ್, ಅಂದರೆ ಸೊಂಟದ 4ನೇ ಮತ್ತು 5ನೇ ಮೂಳೆಗಳ ನಡುವಿನ ಮೆತ್ತೆ, ಜಾರಿದೆ ಎಂದಿದ್ದೀರಿ. ಸಮಾಧಾನದ ವಿಷಯ ಅಲ್ಲೇ ಇದೆ. ಬೆನ್ನುಹುರಿ ಬೆನ್ನುಮೂಳೆಯ ಕೊನೆವರೆಗೂ ಹೋಗುವುದಿಲ್ಲ. ದೊಡ್ಡವರಲ್ಲಿ ಸಾಮಾನ್ಯವಾಗಿ ಸೊಂಟದ 1ನೇ–2ನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಅದರ ಕೆಳಗಿರುವುದು ನೀರಿನಂಥ ದ್ರವದಲ್ಲಿ ತೇಲುವ ನರಗಳ ಗೊಂಚಲು. ಲ್ಯಾಟಿನ್‌ನಲ್ಲಿ ಅದರ ಹೆಸರೇ ‘ಕುದುರೆ ಬಾಲ’. ನೋಡಲೂ ಹಾಗೇ ಇದೆ. ನಿಮ್ಮ ತಂದೆಯವರ ಆಪರೇಷನ್ ನಡೆಯುವುದು ಇಲ್ಲಿ, ಬೆನ್ನುಹುರಿ ಮುಗಿದ ಮೇಲಿನ ಜಾಗದಲ್ಲಿ.

ಮೈಕ್ರೋಡಿಸ್ಕೆಕ್ಟಮಿ ಎಂಬ ಈ ಡಿಸ್ಕ್ ಆಪರೇಷನ್‌ನಲ್ಲಿ ಬೆನ್ನಿನ ಮೇಲೆ 2–3 ಸೆಂ.ಮೀ. ಕೊಯ್ದು, ಸ್ನಾಯುವನ್ನು ಪಕ್ಕಕ್ಕೆ ಸರಿಸುತ್ತಾರೆ. ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತ ಮೂಳೆಯ ಅಂಚನ್ನು ಚೂರು ಕೆರೆದು, ಒಳಗೆ ಮೂಳೆಗಳನ್ನು ಜೋಡಿಸುವ ಹಳದಿ ಪಟ್ಟಿಯನ್ನು ಬಿಡಿಸಿದರೆ ನರ ಕಾಣುತ್ತದೆ. ಅದನ್ನು ಮೆಲ್ಲಗೆ ಸರಿಸಿ, ಒತ್ತುತ್ತಿರುವ ಡಿಸ್ಕ್ ಚೂರನ್ನಷ್ಟೇ ತೆಗೆಯುತ್ತಾರೆ. ಇಡೀ ಡಿಸ್ಕ್ ಅಲ್ಲ.

ಅಪಾಯವೇ ಇಲ್ಲ ಅಂತ ಸುಮ್ನೆ ಹೇಳಲಾರೆ. ನರದ ಹೊದಿಕೆ ಹರಿಯಬಹುದು, ಸೋಂಕಾಗಬಹುದು, ಡಿಸ್ಕ್ ಮತ್ತೆ ಜಾರಬಹುದು. ಕಾಲು ಪೂರ್ತಿ ಬಿದ್ದುಹೋಗುವುದು ತೀರಾ ಅಪರೂಪ. ಬರೀ ಕಾಲುನೋವಾದರೆ ಮಾತ್ರೆ, ವ್ಯಾಯಾಮ ಮಾಡುತ್ತ 6 ವಾರ ಕಾಯಬಹುದು. ಜಾಸ್ತಿ ಜನಕ್ಕೆ ಆಪರೇಷನ್ ಇಲ್ಲದೆಯೇ ಇಳಿಯುತ್ತದೆ. ಆದರೆ ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಬೆಳಗಾಗಲಿ ಎನ್ನಬೇಡಿ. ಅದೇ ರಾತ್ರಿ ಮೈಸೂರಿಗೆ ಹೊರಡಿ.